ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ತೆರೆಯದ ಪುಟ: ಮೆತ್ತಿನ ಮೇಲೆ ಮೂರು ವರ್ಷದ ಕೆಲಸ

ಮೆತ್ತಿನಿಂದ, ಶಿರಸಿ

ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಬಂದು ಈ ಮಳೆಗಾಲಕ್ಕೆ ಮೂರು ವರ್ಷ ತುಂಬಿತು. ನನ್ನದು ಫ್ರಂಟ್ ಎಂಡ್ ಕೆಲಸ, ಅಂದರೆ ಜಾಲತಾಣದಲ್ಲಿ ಕಣ್ಣಿಗೆ ಕಾಣುವ ಪುಟ ಕಟ್ಟುವುದು. ಕಂಪನಿ ಬೆಂಗಳೂರಿನದೇ, ನಾನಿರುವುದು ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ, ತೋಟದ ತಲೆಗಿರುವ ಮನೆಯಲ್ಲಿ. ಊರಿಗೆ ಬರಬೇಕು ಅಂತಿರುವವರು ಮೂರು ಮಾತು ಕೇಳುತ್ತಾರೆ: ನೆಟ್ಟು, ಕರೆಂಟು ಹೇಗೆ? ಕೂತು ಕೆಲಸ ಮಾಡಲು ಜಾಗ ಹೇಗಿದೆ? ಶನಿವಾರ, ಭಾನುವಾರ ಎಂತ ಮಾಡುತ್ತೀರಿ? ಉತ್ತರ ಬರೆಯಲು ಕೂತರೆ ಮೂರೂ ಒಂದಕ್ಕೊಂದು ಹೆಣೆದುಕೊಂಡು ಬಂದವು, ಹಾಗಾಗಿ ಇಷ್ಟುದ್ದ.

ಕೂರುವ ಜಾಗದಿಂದ ಶುರು ಮಾಡುತ್ತೇನೆ. ಅಜ್ಜ ಅಡಿಕೆ ಚೀಲ ಒಟ್ಟಿಡುತ್ತಿದ್ದ ಮೆತ್ತಿನ, ಅಂದರೆ ಮಹಡಿಯ, ಕೋಣೆ. ಮೊದಲ ವರ್ಷ ತಗಡಿನ ಮಾಡು ಇದ್ದ ಕಡೆ ಕೂತಿದ್ದೆ. ಆಷಾಢದ ಮಳೆ ತಗಡಿನ ಮೇಲೆ ಬಿದ್ದರೆ ಮೀಟಿಂಗಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಈಗ ಹೆಂಚಿನ ಮಾಡಿನ ಕೆಳಗೆ ಬಂದಿದ್ದೇನೆ, ಬಾಯಿ ಹತ್ತಿರ ಮೈಕ್ ಇರುವ ಹೆಡ್‌ಸೆಟ್ ಹಾಕಿಕೊಂಡರೆ ಸಾಕಾಗುತ್ತದೆ. ಮೇಜು ಹಲಸಿನ ಹಲಗೆಯದು. ಊರಿನ ಆಚಾರಿ ನನ್ನ ಮೊಣಕೈ ಎತ್ತರ ಅಳೆದು ಮಾಡಿಕೊಟ್ಟಿದ್ದು. ಕುರ್ಚಿ ಮಾತ್ರ ಒಳ್ಳೆಯದನ್ನೇ ತಂದೆ. ಅದಕ್ಕೂ ಮೊದಲು ಆರು ತಿಂಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದಿತ್ತು.

ಕರೆಂಟಿನ ಲೆಕ್ಕ ಹೀಗೆ. ಇನ್ವರ್ಟರಿಗೆ 12 ವೋಲ್ಟಿನ, 150 ಆಂಪಿಯರ್ ಅವರ್ ಬ್ಯಾಟರಿ. ಕಾಗದದ ಮೇಲೆ 1,800 ವ್ಯಾಟ್ ಅವರ್. ಬ್ಯಾಟರಿ ಬಾಳಬೇಕೆಂದರೆ ಅರ್ಧಕ್ಕೇ ನಿಲ್ಲಿಸಬೇಕು. ಲ್ಯಾಪ್‌ಟಾಪ್, ರೂಟರ್, ಒಂದು ಎಲ್‌ಇಡಿ ಬಲ್ಬು ಸೇರಿ 70 ವ್ಯಾಟ್ ಹಿಡಿದರೆ, ನಷ್ಟ ಕಳೆದು ಹತ್ತು ತಾಸು ಸಿಗುತ್ತದೆ. ಡೆಸ್ಕ್‌ಟಾಪ್ ಮಾರಿದ್ದು ಇದೇ ಲೆಕ್ಕ ಹಾಕಿ. ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕರೆಂಟಿಲ್ಲದ್ದೂ ಉಂಟು. ಅಂಥ ದಿನ ಬೆಳಿಗ್ಗೆಯೇ ತಂಡಕ್ಕೆ ಹೇಳಿ, ನೆಟ್ಟು ಬೇಡದ ಕೆಲಸ ಇಟ್ಟುಕೊಳ್ಳುತ್ತೇನೆ.

ಮಳೆಗಾಲಕ್ಕಿಂತ ನನಗೆ ಭಯ ಏಪ್ರಿಲ್, ಮೇ ತಿಂಗಳ ಗುಡುಗು. ಫೈಬರ್ ಗಾಜಿನ ಎಳೆ, ಅದರೊಳಗೆ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ. ಆದರೆ ರೂಟರಿನ ಅಡಾಪ್ಟರ್ ಕರೆಂಟಿನ ಲೈನಿಗೇ ಅಂಟಿಕೊಂಡಿರುತ್ತದೆ. ಎರಡು ರೂಟರ್ ಸುಟ್ಟ ಮೇಲೆ, ದೂರದಲ್ಲಿ ಗುಡುಗು ಕೇಳಿದ ಕೂಡಲೇ ಆಯಿ ಕೆಳಗಿನಿಂದ "ಪ್ಲಗ್ಗು!" ಎಂದು ಕೂಗುತ್ತಾಳೆ. ಇನ್ನು ಬೂಷ್ಟು. ಜುಲೈಯಲ್ಲಿ ಕೀಬೋರ್ಡಿನ ಸಂದಿಗೂ ಬರುತ್ತದೆ. ರಾತ್ರಿ ಯಂತ್ರಗಳನ್ನು ಸಿಲಿಕಾ ಜೆಲ್ ಚೀಲದ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿಡುತ್ತೇನೆ.

ಇಷ್ಟು ಸಾಮಾನಿನ ಮಾತಾಯಿತು. ನನ್ನ ಕೆಲಸವನ್ನೇ ಬದಲಿಸಿದ್ದು ಬೇರೆ.

ಮೊದಲ ವರ್ಷ ಊರಿನ ಸಹಕಾರಿ ಸಂಘಕ್ಕೊಂದು ಪುಟ ಮಾಡಿಕೊಟ್ಟೆ. ಚಾಲಿ ಅಡಿಕೆ, ಕೆಂಪಡಿಕೆ, ಕಾಳುಮೆಣಸಿನ ದಿನದ ದರ, ಜೊತೆಗೆ ಮದ್ದು ಹೊಡೆಯುವ ಪಂಪು ಬಾಡಿಗೆಗೆ ಹೆಸರು ಬರೆಸುವ ಅರ್ಜಿ. ಮೆತ್ತಿನ ಮೇಲೆ, ಫೈಬರಿನಲ್ಲಿ, ಮುಟ್ಟಿದರೆ ತೆರೆಯುತ್ತಿತ್ತು. ಸಂತೋಷದಿಂದ ಅಪ್ಪಯ್ಯನ ಫೋನಿಗೆ ಕಳಿಸಿದೆ. ಅಪ್ಪಯ್ಯ ತೋಟದಲ್ಲಿದ್ದ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಜೊತೆ. ಸಂಜೆ ಬಂದು ಹೇಳಿದ್ದು ಒಂದೇ ಮಾತು: "ಬಿಳೀ ಹಾಳೆ ಬಂತು ತಮಾ, ದರ ಬರಲಿಲ್ಲ."

ಮರುದಿನ ಅದೇ ಫೋನ್ ಹಿಡಿದು ತೋಟಕ್ಕಿಳಿದೆ. ಸಿಗ್ನಲ್ ಒಂದು ಕಡ್ಡಿ, ವೇಗ ಸೆಕೆಂಡಿಗೆ 200 ಕಿಲೋಬಿಟ್ ಆಸುಪಾಸು. ನನ್ನ ಪುಟದ ತೂಕ 4 ಎಂಬಿ, ಅಂದರೆ 32 ಮೆಗಾಬಿಟ್. ಭಾಗಿಸಿದರೆ 160 ಸೆಕೆಂಡು. ಕೊನೆ ಇಳಿಸುವ ಹೊತ್ತಿನಲ್ಲಿ ಎರಡೂವರೆ ನಿಮಿಷ ಫೋನ್ ನೋಡುತ್ತ ಯಾರು ನಿಲ್ಲುತ್ತಾರೆ? ಆ ತೂಕದಲ್ಲಿ ದರದ ಅಂಕಿ ಎಷ್ಟಿತ್ತು? ಒಂದು ಕೆಬಿ ಕೂಡ ಇರಲಿಲ್ಲ. ಮಿಕ್ಕಿದ್ದೆಲ್ಲ ತೋಟದ ದೊಡ್ಡ ಫೋಟೋ, ಒಂದು ಪಟ್ಟಿ ತೋರಿಸಲು ಎಳೆದು ತಂದ ಜಾವಾಸ್ಕ್ರಿಪ್ಟ್ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡಿನ ಕಟ್ಟು), ಎರಡು ಫಾಂಟ್. ಅದರಲ್ಲೂ ದರ ಬರಬೇಕೆಂದರೆ ಮೊದಲು ಸ್ಕ್ರಿಪ್ಟ್ ಇಳಿಯಬೇಕು, ಅದು ಓಡಬೇಕು, ಆಮೇಲೆ ಸರ್ವರಿಗೆ ಹೋಗಿ ಅಂಕಿ ತರಬೇಕು.

ಬಿಚ್ಚಿ ಮತ್ತೆ ಕಟ್ಟಿದೆ. ದರವನ್ನು ಸರ್ವರಿನಲ್ಲೇ ಎಚ್‌ಟಿಎಂಎಲ್‌ಗೆ, ಅಂದರೆ ಪುಟದ ಮೂಲ ಬರಹಕ್ಕೆ, ಸೇರಿಸಿ ಕಳಿಸಿದೆ. ಲೈಬ್ರರಿ ತೆಗೆದೆ. ಆಂಡ್ರಾಯ್ಡ್ ಫೋನಿನಲ್ಲಿ ನೋಟೋ ಕನ್ನಡ ಫಾಂಟ್ ಮೊದಲೇ ಇರುವಾಗ ಇನ್ನೊಂದನ್ನು ಇಳಿಸುವುದೆಂತಕ್ಕೆ? ಫೋಟೋ ಸಣ್ಣದಾಗಿಸಿ, ವೆಬ್‌ಪಿ ಎಂಬ ಹಗುರ ರೂಪಕ್ಕೆ ತಂದು, ಪುಟದ ಅಡಿಗೆ ಇಟ್ಟು, ಅಲ್ಲಿಯವರೆಗೆ ಸರಿಸಿದರೆ ಮಾತ್ರ ಇಳಿಯುವ ಹಾಗೆ ಮಾಡಿದೆ. ಈಗ ಪುಟ 60 ಕೆಬಿ. ತೋಟದಲ್ಲಿ ಎರಡೂವರೆ, ಮೂರು ಸೆಕೆಂಡಿಗೆ ದರ ಕಾಣುತ್ತದೆ.

ಕನ್ನಡವೇ ಭಾರ ಎನ್ನುವವರಿದ್ದಾರೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟ್, ಕನ್ನಡದ 'ಕ'ಗೆ 3 ಬೈಟ್, 'ಕ್ಷ'ಗೆ 9 ಬೈಟ್ ಎಂಬುದು ನಿಜ. ಆದರೆ ಒಂದಿಡೀ ಪುಟದ ಕನ್ನಡ ಬರಹ ಕುಗ್ಗಿಸಿ ಕಳಿಸಿದಾಗ ಕೆಲವೇ ಕೆಬಿ. ಆ ಭಾರಕ್ಕೆ ಹೆದರಿ ಬರಹವನ್ನು ಚಿತ್ರವಾಗಿಸಿ ಹಾಕುವುದು ಓದುಗನಿಗೆ ಮಾಡುವ ಅನ್ಯಾಯ. ಚಿತ್ರದ ತೂಕ ಹತ್ತಾರು ಪಟ್ಟು. ಅದರಲ್ಲಿ ಹುಡುಕಲಿಕ್ಕಾಗುವುದಿಲ್ಲ, ಕಣ್ಣು ಕಾಣದವರ ಫೋನ್ ಓದಿ ಹೇಳುವುದೂ ಇಲ್ಲ.

ವಾರಾಂತ್ಯದ ತಿರುಗಾಟ ಇಲ್ಲಿಂದಲೇ ಬೇರೆಯಾಯಿತು. ಬ್ರೌಸರಿನಲ್ಲಿ ವೇಗ ತಗ್ಗಿಸಿ ಪರೀಕ್ಷೆ ಮಾಡಬಹುದು, ಆದರೆ ಅಲ್ಲಿ ತಗ್ಗಿದ ವೇಗ ಒಂದೇ ಸಮ ಇರುತ್ತದೆ. ಘಟ್ಟದಲ್ಲಿ ಸಿಗ್ನಲ್ ಬರುತ್ತದೆ, ಹೋಗುತ್ತದೆ, ಅರ್ಧ ಪುಟ ಇಳಿದಲ್ಲಿ ನಿಂತುಬಿಡುತ್ತದೆ. ಹಾಗಾಗಿ ಅಘನಾಶಿನಿ ನದಿಯನ್ನು ಹಿಡಿದು ಹೊರಟೆ, ಬಿಡುವಾದ ಭಾನುವಾರಗಳಲ್ಲಿ ತುಂಡು ತುಂಡಾಗಿ. ಶಿರಸಿ ಪೇಟೆಯ ಶಂಕರ ಹೊಂಡ ಅದರ ಒಂದು ಮೂಲ, ಮಂಜುಗುಣಿ ಕಡೆಯಿಂದ ಬರುವುದು ಇನ್ನೊಂದು. ಪೇಟೆ ನಡುವಿನ ಆ ಹೊಂಡದ ಮೆಟ್ಟಿಲ ಮೇಲೆ ನಿಂತರೆ, ಇದೇ ನೀರು ಮುಂದೆ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ ಎಂದು ನಂಬುವುದು ಕಷ್ಟ. ಹೊಂಡದಲ್ಲಿ ನಾಲ್ಕು ಕಡ್ಡಿ ಸಿಗ್ನಲ್, ಉಂಚಳ್ಳಿಯಲ್ಲಿ ಸೊನ್ನೆ. ಅಲ್ಲಿಂದ ಕೆಳಗೆ ಸಿಂಗಳೀಕಗಳಿರುವ ಕಣಿವೆ. ಯಾಣದ ದಾರಿಯಲ್ಲಿ ಒಂದು ತಿರುವಿನಲ್ಲಿ ಒಂದು ಕಡ್ಡಿ ಬರುತ್ತದೆ, ಭೈರವೇಶ್ವರ ಶಿಖರದ ಬುಡದಲ್ಲಿ, 120 ಮೀಟರ್ ಕಪ್ಪು ಕಲ್ಲಿನ ನೆರಳಲ್ಲಿ, ಮತ್ತೆ ಇಲ್ಲ. ಉಪ್ಪಿನಪಟ್ಟಣಕ್ಕೆ ಇಳಿದ ಮೇಲೆ ನೀರಿಗೆ ಉಪ್ಪು ಸೇರುತ್ತದೆ, ಫೋನಿಗೆ ಸಿಗ್ನಲ್. ಮಿರ್ಜಾನ್ ಕೋಟೆ ದಾಟಿ ತದಡಿಯಲ್ಲಿ ಸಮುದ್ರ. ದಾರಿಯುದ್ದಕ್ಕೂ ಎಲ್ಲೆಲ್ಲಿ ಪುಟ ತೆರೆಯಿತು, ಎಲ್ಲಿ ನಿಂತಿತು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಈ ನದಿಗೆ ಮೂಲದಿಂದ ಸಮುದ್ರದವರೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ನಡೆದು ನೋಡಿದ ಮೇಲೆ ಅದು ಹಾಗೇ ಇರಬೇಕೆಂಬ ಆಸೆ ಗಟ್ಟಿಯಾಗಿದೆ.

ನಿಮ್ಮ ಕಡೆ ಹೇಗೆ? ಕರಾವಳಿಯವರು ಬರೆಯಿರಿ.

ಕಾಳಿ ದಡ, ಸದಾಶಿವಗಡ

ನಿಮಗೆ ಬೂಷ್ಟು, ನಮಗೆ ಉಪ್ಪುಗಾಳಿ. ಲ್ಯಾಪ್‌ಟಾಪಿನ ಯುಎಸ್‌ಬಿ ತೂತುಗಳು ಎರಡು ವರ್ಷಕ್ಕೆ ಹಸಿರು ಹಿಡಿಯುತ್ತವೆ. ಸಮುದ್ರದ ಕಡೆಯ ಕಿಟಕಿ ಮುಚ್ಚಿ, ಹಿತ್ತಲ ಕಡೆ ಮೇಜು ಹಾಕಿಕೊಂಡೆ. ಕಡಲು ನೋಡುತ್ತ ಕೆಲಸ ಮಾಡುವ ಚಿತ್ರ ಚೆಂದ, ಆದರೆ ಮಧ್ಯಾಹ್ನದ ಮೇಲೆ ಪರದೆಯ ತುಂಬ ಬಿಸಿಲು. ಕೆಲಸ ಮುಗಿಸಿ ಸಂಜೆ ಟಾಗೋರ್ ಕಡಲತೀರಕ್ಕೆ ಹೋಗಿ ಕೂರುವುದೇ ಸರಿ.

ನಿಮ್ಮ ನದಿಯ ಬದಲು ನನಗೆ ರೈಲು. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದಾಗ ನಾನು ಸಣ್ಣವ, ಅಪ್ಪನ ಹೆಗಲ ಮೇಲೆ ಕೂತು ನೋಡಿದ ನೆನಪು. ಈಗ ಭಾನುವಾರ ಮಂಗಳೂರು ಕಡೆಯ ಪ್ಯಾಸೆಂಜರ್ ಹತ್ತಿ ಅಂಕೋಲೆಗೋ ಗೋಕರ್ಣ ರೋಡಿಗೋ ಹೋಗುತ್ತೇನೆ. ಸುರಂಗದೊಳಗೆ ನೆಟ್ಟು ಪೂರ್ತಿ ಬಂದ್. ಕಾರವಾರದ ಸುರಂಗವೇ ಸುಮಾರು 3 ಕಿಲೋಮೀಟರ್. ನಾನು ಮಾಡಿದ ಪುಟ ಅಲ್ಲಿ ಏನು ತೋರಿಸುತ್ತದೆ ಎಂದು ನೋಡುತ್ತೇನೆ. ಸರ್ವಿಸ್ ವರ್ಕರ್ ಎಂಬ ಸಣ್ಣ ಸ್ಕ್ರಿಪ್ಟ್ ಬರೆದರೆ ಹಿಂದಿನ ಸಲ ತೆರೆದ ಪುಟವನ್ನು ಫೋನೇ ಇಟ್ಟುಕೊಂಡು ತೋರಿಸಬಲ್ಲದು. ಅಣ್ಣ, ನಿಮ್ಮ ದರದ ಪುಟಕ್ಕೆ ಅದನ್ನು ಹಾಕಿದ್ದೀರಾ? ಹಾಕಿದ್ದರೆ ದರದ ಪಕ್ಕ ತಾರೀಕು ದೊಡ್ಡದಾಗಿ ಕಾಣಬೇಕು. ನಿನ್ನೆಯ ದರ ಇವತ್ತಿನದು ಅಂದುಕೊಂಡು ಯಾರಾದರೂ ಅಡಿಕೆ ಕೊಟ್ಟರೆ ಅದು ನಮ್ಮ ತಪ್ಪಾಗುತ್ತದೆ.

ಇನ್ನೊಂದು. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳು ಹೋದವು, 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮೂರು ವಾರ ಆಗುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ನಮ್ಮ ಕಾಳಿ ನದಿಯ ಹಳೇ ಸೇತುವೆ ಲಾರಿ ಸಮೇತ ಬಿತ್ತು. ಚಾಲಕನನ್ನು ಉಳಿಸಿದರು. ಆ ದಿನಗಳಲ್ಲಿ ಎಲ್ಲರಿಗೂ ಬೇಕಾಗಿದ್ದು ಒಂದೇ ಸಾಲು: ದಾರಿ ತೆರೆದಿದೆಯೋ ಇಲ್ಲವೋ. ಅದಕ್ಕೆ ನಮ್ಮ ಫೋನಿಗೆ ಬರುತ್ತಿದ್ದದ್ದು ವಿಡಿಯೋಗಳು, ಸ್ಕ್ಯಾನ್ ಮಾಡಿದ ಕಾಗದಗಳು. ಮಳೆಗೆ ಟವರ್ ಸೋತಿದ್ದಾಗ ಒಂದೂ ತೆರೆಯುತ್ತಿರಲಿಲ್ಲ. ಅಂದಿನಿಂದ ಪುಟ ಹಗುರ ಇರಬೇಕು ಎಂಬ ಮಾತನ್ನು ನಾನು ಆಫೀಸಿನಲ್ಲೂ ಬಿಟ್ಟುಕೊಡುವುದಿಲ್ಲ.

ಮೆತ್ತಿನಿಂದ, ಶಿರಸಿ

ಸರ್ವಿಸ್ ವರ್ಕರ್ ಹಾಕಿದ್ದೆ, ತಾರೀಕು ಮೂಲೆಯಲ್ಲಿ ಸಣ್ಣಕ್ಕಿತ್ತು. ಇವತ್ತೇ ದರದ ಮೇಲೆ ತರುತ್ತೇನೆ. ಒಳ್ಳೆಯ ಮಾತು ಹೇಳಿದಿರಿ.

ಮರಳಿ ಬೆಂಗಳೂರು

ನಾನು ಯಲ್ಲಾಪುರ ಕಡೆಯವನು. ಊರಿಗೆ ಬಂದು ಒಂದು ವರ್ಷ ನಾಲ್ಕು ತಿಂಗಳಿದ್ದು ಬೆಂಗಳೂರಿಗೆ ವಾಪಸಾದೆ. ಹೊಸದಾಗಿ ಬರುವವರಿಗೆ ಆ ಕಡೆಯದೂ ಗೊತ್ತಿರಲಿ.

ನಮ್ಮ ಮನೆಗೆ ಫೈಬರ್ ಬರಲೇ ಇಲ್ಲ. ಕೊನೆಯ ಕಂಬದಿಂದ ಮುಂದೆ ಒಂದೂವರೆ ಕಿಲೋಮೀಟರ್ ಕೇಬಲ್ ಎಳೆಯುವ ಖರ್ಚು ನನ್ನದೇ ಅಂದರು. ಗುಡ್ಡ ಹತ್ತಿ, ಗೇರು ಮರದ ಬುಡದಲ್ಲಿ ಕೂತು ಮೀಟಿಂಗ್ ಮಾಡಿದ್ದೇನೆ. ಅದು ಎರಡು ತಿಂಗಳು ಖುಷಿ, ಆಮೇಲೆ ಆಯಾಸ. ಅದಕ್ಕಿಂತ ದೊಡ್ಡದು ಕೆಲಸದ ಮೇಲಿನ ಪರಿಣಾಮ. ಕಣ್ಣೆದುರಿಗೆ ಇಲ್ಲದವನ ಹೆಸರು ಬಡ್ತಿ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ. ಪಕ್ಕದಲ್ಲಿ ಕೂತ ಹಿರಿಯರ ಪರದೆ ನೋಡಿ ಕಲಿಯುವುದನ್ನು ವಿಡಿಯೋ ಕರೆಯಲ್ಲಿ ಕಲಿಯಲಾಗದು. ಐದಾರು ವರ್ಷ ಅನುಭವ ಆಗುವವರೆಗೆ ಪೇಟೆಯಲ್ಲೇ ಇರಿ ಎನ್ನುವುದು ನನ್ನ ಸಲಹೆ.

ಒಂಟಿತನದ ಬಗ್ಗೆ ಯಾರೂ ಬರೆಯುವುದಿಲ್ಲ. ಊರಿನ ನನ್ನ ವಯಸ್ಸಿನವರೆಲ್ಲ ಬೆಂಗಳೂರಿನಲ್ಲೇ ಇದ್ದರು.

ಗಜನಿ, ಕುಮಟಾ

ಮರಳಿ ಅವರು ಹೇಳಿದ ಒಂಟಿತನಕ್ಕೆ ಇನ್ನೊಂದು ಸೇರಿಸುತ್ತೇನೆ, ಹೆಂಗಸರ ಕಡೆಯಿಂದ. ನಾನು ಟೆಸ್ಟಿಂಗ್ ಕೆಲಸದವಳು, ಮದುವೆಯಾಗಿ ಕುಮಟಾಕ್ಕೆ ಬಂದೆ. "ಮನೆಯಲ್ಲೇ ಇದ್ದೀಯಲ್ಲ" ಎಂಬ ಮಾತಿನ ತೂಕ ಹೊತ್ತವರಿಗೇ ಗೊತ್ತು. ನೆಂಟರು ಬಂದರೆ ಚಹಾ, ಅತ್ತೆಯ ಔಷಧಿ, ಮೀನಿನವಳು ಕರೆದರೆ ಬಾಗಿಲು. ತಲೆಯಲ್ಲಿ ಹಿಡಿದಿದ್ದ ಎಳೆ ಒಂದು ಸಲ ತಪ್ಪಿದರೆ ಮತ್ತೆ ಹಿಡಿಯಲು ಇಪ್ಪತ್ತು ನಿಮಿಷ. ಕೊನೆಗೆ ಅತ್ತೆಯನ್ನೇ ಕರೆದು ಪಕ್ಕದಲ್ಲಿ ಕೂರಿಸಿ, ನಾನು ಒಂದು ದಿನ ಮಾಡುವುದೆಂತ ಎಂದು ತೋರಿಸಿದೆ. ಒಂದು ಅರ್ಜಿಯ ಪುಟವನ್ನು ಕಣ್ಣು ಮುಚ್ಚಿ, ಫೋನ್ ಓದಿ ಹೇಳುವುದನ್ನು ಕೇಳುತ್ತ ತುಂಬಿ ತೋರಿಸಿದೆ. ಅತ್ತೆಗೆ ಒಂದು ಕಣ್ಣಿನ ಪೊರೆ ಆಪರೇಶನ್ ಆಗಿದೆ. "ಇದು ನನ್ನಂಥವರಿಗಾ?" ಎಂದರು. ಮರುದಿನದಿಂದ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನನ್ನ ಬಾಗಿಲಿಗೆ ಅವರೇ ಕಾವಲು. ಮೇಜು, ಕುರ್ಚಿ ಎಲ್ಲರೂ ಬರೆಯುತ್ತಾರೆ. ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವ ಒಂದು ಬಾಗಿಲು ಬೇಕು ಎಂದು ನಾನು ಮೊದಲು ಬರೆಯುತ್ತೇನೆ.

ಮೆತ್ತಿನಿಂದ ಅಣ್ಣ, ನಿಮ್ಮ ಪುಟ ನೋಡಿದೆ. ಬೇಗ ತೆರೆಯುತ್ತದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಮೂರು ತಪ್ಪು ಸಿಕ್ಕಿವೆ.

ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಹೇಳಿಲ್ಲ, ಇಂಗ್ಲಿಷ್ ಎಂದೇ ಇದೆ. ಓದಿ ಹೇಳುವ ತಂತ್ರಾಂಶ ಇಂಗ್ಲಿಷ್ ದನಿಯಲ್ಲಿ ತಡವರಿಸುತ್ತದೆ. ಎರಡನೆಯದು, ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದೆ. ಇಂಗ್ಲಿಷಿಗೆ ಸಾಕು, ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. 'ರಾಷ್ಟ್ರ' ಎಂಬಲ್ಲಿ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದೆ. 1.6 ಮಾಡಿ ನೋಡಿ.

ಮೂರನೆಯದೇ ದೊಡ್ಡದು. ಪಂಪಿನ ಅರ್ಜಿಯಲ್ಲಿ ಹೆಸರಿನ ಜಾಗಕ್ಕೆ 12ರ ಮಿತಿ ಹಾಕಿದ್ದೀರಿ. ಕಣ್ಣಿಗೆ 'ಲಕ್ಷ್ಮೀನಾರಾಯಣ' ಆರಕ್ಷರ. ಆದರೆ ಬ್ರೌಸರ್ ಎಣಿಸುವುದು ಯೂನಿಕೋಡಿನ ಸಂಕೇತಗಳನ್ನು. ಕ್ಷ್ಮೀ ಒಂದರಲ್ಲೇ ಕ, ಹಲಂತ, ಷ, ಹಲಂತ, ಮ, ದೀರ್ಘ ಎಂದು ಆರು. ಒಟ್ಟು 13. ನಿಮ್ಮ ಪುಟದಲ್ಲಿ 'ಲಕ್ಷ್ಮೀನಾರಾಯ' ಎಂದು ನಿಲ್ಲುತ್ತದೆ, 'ಣ' ಒತ್ತಿದರೆ ಬೀಳುವುದೇ ಇಲ್ಲ.

ಹೊಸ ಚಿಗುರು, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಡಿಗ್ರಿ ಕೊನೆಯ ವರ್ಷ. ಮರಳಿ ಅಣ್ಣ ಹೇಳಿದ್ದು ಓದಿ ಸ್ವಲ್ಪ ಅಧೈರ್ಯ ಆಯಿತು. ಊರಿನಿಂದಲೇ ಶುರು ಮಾಡಲು ಆಗುವುದೇ ಇಲ್ಲವಾ? ಮತ್ತೆ, ಉಂಚಳ್ಳಿ ನಮ್ಮ ತಾಲೂಕಿನದೇ, ನಾನೇ ನೋಡಿಲ್ಲ. ಯಾವಾಗ ಹೋದರೆ ಒಳ್ಳೆಯದು?

ಮೆತ್ತಿನಿಂದ, ಶಿರಸಿ

ತಂಗೀ ಅನ್ನಬೇಕೋ ತಮ್ಮಾ ಅನ್ನಬೇಕೋ ಗೊತ್ತಾಗಲಿಲ್ಲ, ಯಾರಾದರೂ ಸರಿ. ಮರಳಿ ಅವರ ಮಾತಿನಲ್ಲಿ ಸತ್ಯ ಇದೆ. ನಾನೂ ಊರಿಗೆ ಬರುವ ಮೊದಲು ಏಳು ವರ್ಷ ಬೆಂಗಳೂರಿನಲ್ಲಿದ್ದೆ. ಆ ಏಳು ವರ್ಷದಲ್ಲಿ ಪರಿಚಯವಾದವರು ಇಂದಿಗೂ ನನ್ನ ತಪ್ಪು ತಿದ್ದುತ್ತಾರೆ. ಬಡ್ತಿ ನನಗೂ ತಡವಾಗಿದೆ, ಅದು ನೋವೇ. ಹಾಗೆಂದು ನೀವು ಕಾಯುತ್ತ ಕೂರಬೇಕಿಲ್ಲ. ಕೆಲಸ ಸಿಕ್ಕುವವರೆಗೆ ನಿಮ್ಮೂರಿನ ಗ್ರಂಥಾಲಯಕ್ಕೋ ಹಾಲಿನ ಡೇರಿಗೋ ಒಂದೇ ಒಂದು ಪುಟ ಮಾಡಿ. ಬರೀ ಎಚ್‌ಟಿಎಂಎಲ್, ಅಂದಚೆಂದಕ್ಕೆ ಸಿಎಸ್‌ಎಸ್. ಅದನ್ನು ಬಳಸುವ ಹತ್ತು ಜನರ ಪಕ್ಕ ಕೂತು, ಅವರ ಬೆರಳು ಎಲ್ಲಿ ತಡೆಯುತ್ತದೆ ನೋಡಿ. ಅದು ಬೆಂಗಳೂರಿನಲ್ಲಿ ನನಗೆ ಸಿಕ್ಕಿರಲಿಲ್ಲ.

ಉಂಚಳ್ಳಿಗೆ ಹೆಗ್ಗರಣೆ ಮೇಲೆ ದಾರಿ. ಅಕ್ಟೋಬರ್ ಆಚೆ, ಡಿಸೆಂಬರ್ ಒಳಗೆ ಹೋಗಿ. ಜೋರು ಮಳೆಯಲ್ಲಿ ಮಂಜು ಕವಿದು ಜಲಪಾತ ಕಾಣುವುದಿಲ್ಲ, ಸದ್ದು ಮಾತ್ರ. ಉಂಬಳದ (ಜಿಗಣೆ) ಕಾಟ ಬೇರೆ. ಬೇಲಿ ದಾಟಬೇಡಿ.

ಒಂಟಿತನದ ಬಗ್ಗೆ: ನಿಜ. ಮದ್ದು ಹೊಡೆಯುವ ದಿನ ನಾನು ರಜೆ ಹಾಕಿ ಅಪ್ಪಯ್ಯನ ಜೊತೆ ಬೋರ್ಡೋ ಕದಡುತ್ತೇನೆ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಊರಿನವರ ಜೊತೆ ನನಗೆ ಮಾತು ಬೆಳೆದದ್ದು ಆ ಡ್ರಮ್ಮಿನ ಸುತ್ತ ನಿಂತೇ. ಆದರೂ ನನ್ನ ಕೆಲಸದ ಮಾತು ಅಲ್ಲಿ ಆಡಲಿಕ್ಕಾಗುವುದಿಲ್ಲ. ಅದಕ್ಕೇ ಇಲ್ಲಿ ಇಷ್ಟುದ್ದ ಬರೆದೆನೋ ಏನೋ.

ಗಜನಿ ಅಕ್ಕ, ಮೂರೂ ತಿದ್ದಿದೆ. 12 ಎಲ್ಲಿಂದ ಬಂತು ಎಂದು ಹುಡುಕಿದರೆ, ಹಿಂದಿನ ಯಾವುದೋ ಇಂಗ್ಲಿಷ್ ಅರ್ಜಿಯಿಂದ ನಾನೇ ನಕಲು ಮಾಡಿದ್ದೆ. ಇನ್ನೊಂದು ಗೊತ್ತಾಯಿತು. ಕಳೆದ ವರ್ಷ ಸಂಘದ ಪಟ್ಟಿಯಲ್ಲಿ ನಾಲ್ಕು ಜನ ಪೂರ್ತಿ ಹೆಸರು ಬಿಟ್ಟು ಬರೀ 'ಲಕ್ಷ್ಮಿ' ಎಂದು ಬರೆಸಿದ್ದರು, ಪಂಪು ಒಬ್ಬರದು ಇನ್ನೊಬ್ಬರ ಮನೆಗೆ ಹೋಗಿತ್ತು. ಸಂಘದ ಕಾರ್ಯದರ್ಶಿ ಆಗ ಊರಿನವರನ್ನೇ ಬೈದಿದ್ದರು. ನಾಳೆ ಹೋಗಿ ತಪ್ಪು ನನ್ನದು ಎಂದು ಹೇಳಿಬರುತ್ತೇನೆ. ಮುಂದಿನ ಭಾನುವಾರ ತದಡಿಗೆ ಬರುವವನಿದ್ದೇನೆ, ದೇವಿಮನೆ ಘಟ್ಟದಲ್ಲಿ ದಾರಿ ಬಿಟ್ಟರೆ.

ಕಾಳಿ ದಡ, ಸದಾಶಿವಗಡ

ತದಡಿಗೆ ನಾನೂ ಬರುತ್ತೇನೆ. ಗೋಕರ್ಣ ರೋಡಿನಲ್ಲಿ ಇಳಿದು ಆಟೋ ಹಿಡಿಯುತ್ತೇನೆ. ಕಗ್ಗ ಭತ್ತದ ಗದ್ದೆ ನೋಡಬೇಕೆಂದು ಬಹಳ ದಿನದಿಂದ ಇದೆ. ಉಪ್ಪುನೀರು ನಿಂತರೂ ಬೆಳೆಯುವ ಭತ್ತ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗಿನಿಂದ ಅಲ್ಲಿನ ಹಕ್ಕಿ ನೋಡುವ ಆಸೆಯೂ ಸೇರಿಕೊಂಡಿದೆ. ಗಜನಿ ಅಕ್ಕ, ದಾರಿ ತೋರಿಸಲು ಬರುತ್ತೀರಾ?

ಮರಳಿ ಬೆಂಗಳೂರು

ನಾನು ಬರಲಾರೆ. ಫೋಟೋ ಹಾಕಿ. ಸಣ್ಣ ಗಾತ್ರದ್ದು ಸಾಕು, ಊರಿನಲ್ಲಿ ಅಮ್ಮನೂ ನೋಡಬೇಕು.

ಗಜನಿ, ಕುಮಟಾ

ಬರುತ್ತೇನೆ, ಅತ್ತೆಯೂ ಬರುತ್ತಾರಂತೆ. ಬೆಳಿಗ್ಗೆ ನೀರು ಇಳಿದ ಹೊತ್ತಿಗೆ ಬಂದರೆ ಬಳಚು (ಚಿಪ್ಪುಮೀನು) ಹೆಕ್ಕುವವರು ಸಿಗುತ್ತಾರೆ. ಇದನ್ನು ಅಘನಾಶಿನಿ ಊರಿನಿಂದ ತದಡಿಗೆ ಹೋಗುವ ದೋಣಿಯಲ್ಲಿ ಬರೆಯುತ್ತಿದ್ದೇನೆ. ಎರಡು ಕಡ್ಡಿ ಸಿಗ್ನಲ್. ಅರ್ಜಿ ತೆರೆದು ಹೆಸರು ಒತ್ತಿ ನೋಡಿದೆ. 'ಣ' ಬಿತ್ತು.